ಕೋಕೋ ಬೆಣ್ಣೆ, ಕೊಬ್ಬರಿ ಎಣ್ಣೆ: ಹೊದಿಕೆಯ ಮೇಲಿನ ಹೆಸರು, ಒಳಗಿನ ಕೆಲಸ

ಲಿಪ್ ಬಾಮ್, ಸ್ನಾನದ ಸಾಬೂನು, ಬಾಡಿ ಬಟರ್, ಕೂದಲಿನ ಕಂಡೀಷನರ್, ಐಸ್‌ಕ್ರೀಮಿನ ಮೇಲಿನ ಚಾಕೊಲೇಟ್ ಲೇಪನ, ಹೀಗೆ ಒಂದಕ್ಕೊಂದು ಹತ್ತಿರದ ಸಂಬಂಧವಿಲ್ಲದ ಸರಕುಗಳ ಹೊದಿಕೆಗಳ ಮೇಲೆ ಈಗ ಕೋಕೋ ಬೆಣ್ಣೆ ಮತ್ತು ಕೊಬ್ಬರಿ ಎಣ್ಣೆ ಎಂಬ ಎರಡು ಹೆಸರುಗಳು ದೊಡ್ಡ ಅಕ್ಷರಗಳಲ್ಲಿ, ಬಹುಮಟ್ಟಿಗೆ ಜೋಡಿಯಾಗಿಯೇ ಕಾಣಿಸಿಕೊಳ್ಳುತ್ತವೆ. ಎರಡೂ ಮರದ ಫಲದಿಂದ ಬಂದ ಕೊಬ್ಬುಗಳು, ಎರಡಕ್ಕೂ ಹಿತವಾದ ಪರಿಮಳವಿದೆ, ಎರಡರ ಬಗ್ಗೆಯೂ ಜನರಲ್ಲಿ ಒಳ್ಳೆಯ ಅಭಿಪ್ರಾಯವಿದೆ. ಮಾರುವವರಿಗೆ ಅಷ್ಟು ಸಾಕು. ಕೊಳ್ಳುವವರ ಕಡೆಯಿಂದ ನೋಡಿದರೆ ಇವೆರಡರ ಸ್ವಭಾವ ಬೇರೆ ಬೇರೆ, ಕೆಲವು ಕಡೆ ಒಂದಕ್ಕೊಂದು ವಿರುದ್ಧ ಕೂಡ. ಹಾಗಾಗಿ ಇಲ್ಲಿ ಯಾವುದೋ ಒಂದು ಬ್ರ್ಯಾಂಡನ್ನು ಹೊಗಳುವ ಅಥವಾ ತೆಗಳುವ ಬದಲು, ದಿನಬಳಕೆಯ ಯಾವ ಸರಕಿನಲ್ಲಿ ಇವು ನಿಜವಾಗಿ ದುಡಿಯುತ್ತವೆ, ಯಾವುದರಲ್ಲಿ ಬರೀ ಹೆಸರಿಗಿವೆ, ಯಾವುದರಲ್ಲಿ ಇಲ್ಲದಿದ್ದರೇ ಒಳ್ಳೆಯದಿತ್ತು ಎಂಬುದನ್ನು ಬಳಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ.

ಸರಕುಗಳಿಗೆ ಹೋಗುವ ಮೊದಲು ಮೂಲವಸ್ತುಗಳನ್ನೇ ಕೈಯಲ್ಲಿ ಹಿಡಿದು ನೋಡುವುದು ಒಳ್ಳೆಯದು. ಕೋಕೋ ಬೀಜದ ತಿರುಳಿನ ತೂಕದಲ್ಲಿ ಸರಿಸುಮಾರು ಅರ್ಧದಷ್ಟು ಕೊಬ್ಬೇ ಇರುತ್ತದೆ. ಹುರಿದು ಅರೆದ ಬೀಜವನ್ನು ಒತ್ತುಯಂತ್ರದಲ್ಲಿ ಹಿಂಡಿ ಈ ಕೊಬ್ಬನ್ನು ಬೇರ್ಪಡಿಸುವ ವಿಧಾನಕ್ಕೆ 1828ರಲ್ಲಿ ಹಾಲೆಂಡಿನ ವಾನ್ ಹೌಟೆನ್ ಮನೆತನ ಪೇಟೆಂಟ್ ಪಡೆಯಿತು. ಹೀಗೆ ಬಂದ ತಿಳಿಹಳದಿ ಬಣ್ಣದ ಗಟ್ಟಿ ತುಂಡನ್ನು ಮುಂಗೈಯ ಒಳಬದಿಗೆ ಇಟ್ಟರೆ ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಚರ್ಮಕ್ಕೆ ತಾಗಿದ ಅಂಚು ಮಾತ್ರ ಪಾರದರ್ಶಕವಾಗುತ್ತದೆ, ತುಂಡು ತನ್ನ ಆಕಾರವನ್ನು ಉಳಿಸಿಕೊಂಡೇ ಮೆಲ್ಲಗೆ ಜಾರತೊಡಗುತ್ತದೆ, ಬೆರಳಿನಿಂದ ಉಜ್ಜಿದಾಗ ಒಮ್ಮೆಗೇ ಎಣ್ಣೆಯಾಗಿಬಿಡುತ್ತದೆ. ಈ ನಡವಳಿಕೆಗೆ ಕಾರಣ ಅದರ ರಚನೆಯಲ್ಲಿದೆ. ಪಾಮಿಟಿಕ್, ಸ್ಟಿಯರಿಕ್, ಓಲಿಯಿಕ್ ಎಂಬ ಮೂರೇ ಕೊಬ್ಬಿನಾಮ್ಲಗಳು (ಕೊಬ್ಬಿನ ಅಣುವನ್ನು ಕಟ್ಟುವ ಸರಪಳಿಯಂಥ ಘಟಕಗಳು) ಅದರ ಬಹುಪಾಲನ್ನು ತುಂಬಿರುವುದರಿಂದ, ಹಲವು ಬಗೆಯ ಅಣುಗಳಿರುವ ಕೊಬ್ಬುಗಳು ಹಂತಹಂತವಾಗಿ ಮೆತ್ತಗಾಗುವಾಗ ಇದು ಮಾತ್ರ 34 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ, ಎಂದರೆ ದೇಹದ ಶಾಖಕ್ಕಿಂತ ಸ್ವಲ್ಪವೇ ಕೆಳಗೆ, ಥಟ್ಟನೆ ಕರಗುತ್ತದೆ. ಕೊಬ್ಬರಿ ಎಣ್ಣೆಯ ವಿಷಯ ಬೇರೆ. ಅದು 24 ಡಿಗ್ರಿಯ ಸುಮಾರಿನಲ್ಲೇ ಕರಗುವುದರಿಂದ ಕೋಣೆ ತಣ್ಣಗಾದಾಗ ಸೀಸೆಯ ತಳದಲ್ಲಿ ಮೊದಲು ಮಂಜು ಕವಿದಂತಾಗಿ, ಗಾಜಿಗೆ ಅಂಟಿಕೊಂಡು ಬಿಳಿಯ ಕಣಗಳು ಕಾಣಿಸಿಕೊಂಡು, ಕೊನೆಗೆ ಇಡೀ ಎಣ್ಣೆ ಹೆಪ್ಪುಗಟ್ಟುತ್ತದೆ. ಬೆಚ್ಚಗಾದರೆ ಮತ್ತೆ ತಿಳಿಯಾಗುತ್ತದೆ. ಇದು ಕೆಟ್ಟ ಲಕ್ಷಣವಲ್ಲ, ಶುದ್ಧತೆಯ ಪ್ರಮಾಣಪತ್ರವೂ ಅಲ್ಲ. ಈ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಲಾರಿಕ್ ಆಮ್ಲ, ಎಂದರೆ ಹನ್ನೆರಡು ಕಾರ್ಬನ್ ಪರಮಾಣುಗಳ ಗಿಡ್ಡ ಸರಪಳಿ. ಕೋಕೋ ಬೆಣ್ಣೆಯ ಸರಪಳಿಗಳಲ್ಲಿ ಹದಿನಾರರಿಂದ ಹದಿನೆಂಟು ಪರಮಾಣುಗಳಿರುತ್ತವೆ. ಮುಂದೆ ಹೇಳುವ ಬಹುತೇಕ ಗುಣದೋಷಗಳು ಇದೊಂದು ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಬಾಡಿ ಬಟರ್ ಎಂಬ ಹೆಸರಿನಲ್ಲಿ ಎರಡು ಬಗೆಯ ಸರಕುಗಳು ಸಿಗುತ್ತವೆ, ಅವುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಮೊದಲನೆಯದರಲ್ಲಿ ಪದಾರ್ಥಗಳ ಪಟ್ಟಿ ನೀರಿನಿಂದ ಆರಂಭವಾಗುತ್ತದೆ. ಸೌಂದರ್ಯವರ್ಧಕಗಳ ಪಟ್ಟಿಯಲ್ಲಿ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯುವುದು ರೂಢಿ, ಶೇಕಡಾ 1ಕ್ಕಿಂತ ಕಡಿಮೆ ಇರುವವನ್ನು ಮಾತ್ರ ಹೇಗೆ ಬೇಕಾದರೂ ಜೋಡಿಸಬಹುದು. ಆದ್ದರಿಂದ ಕೋಕೋ ಬೆಣ್ಣೆಯ ಶಾಸ್ತ್ರೀಯ ಹೆಸರಾದ ಥಿಯೊಬ್ರೊಮಾ ಕಕಾವೊ ಸೀಡ್ ಬಟರ್ ಎಂಬುದು ಸಂರಕ್ಷಕಗಳು ಮತ್ತು ಸುಗಂಧದ ನೆರೆಯಲ್ಲಿ ಕುಳಿತಿದ್ದರೆ, ಅದು ಚರ್ಮಕ್ಕಾಗಿ ಅಲ್ಲ, ಹೊದಿಕೆಗಾಗಿ ಸೇರಿಸಿದ್ದು ಎಂದು ತಿಳಿಯಬಹುದು. ಇಂಥವು ಕೆಟ್ಟ ಸರಕುಗಳೇನಲ್ಲ. ಗ್ಲಿಸರಿನ್ ಮತ್ತು ಬೇರೆ ಎಣ್ಣೆಗಳಿಂದ ಅವು ತಮ್ಮ ಕೆಲಸ ಮಾಡುತ್ತವೆ, ಬೇಗ ಹೀರಿಕೊಳ್ಳುತ್ತವೆ, ಬಟ್ಟೆಗೆ ಜಿಡ್ಡು ಹತ್ತಿಸುವುದಿಲ್ಲ. ಆದರೆ ಅವುಗಳ ಗುಣಕ್ಕೆ ಕೋಕೋ ಬೆಣ್ಣೆಗೆ ಕೀರ್ತಿ ಕೊಡುವುದು ಸರಿಯಲ್ಲ.

ಎರಡನೆಯ ಬಗೆ ನೀರಿಲ್ಲದ್ದು; ತಗಡಿನ ಡಬ್ಬಿಯಲ್ಲೋ ಅಚ್ಚಿನ ಬಿಲ್ಲೆಯಾಗಿಯೋ ಬರುತ್ತದೆ. ಪಟ್ಟಿ ಗಿಡ್ಡದು: ಕೋಕೋ ಬೆಣ್ಣೆ, ಕೊಬ್ಬರಿ ಎಣ್ಣೆ, ಜೇನುಮೇಣ, ಕೆಲವೊಮ್ಮೆ ಶಿಯಾ ಬೆಣ್ಣೆ. ಇಲ್ಲಿ ಜೋಡಿಯ ಅರ್ಥ ತಿಳಿಯುತ್ತದೆ. ಕೋಕೋ ಬೆಣ್ಣೆಯೊಂದೇ ಆಗಿದ್ದರೆ ಬಿಲ್ಲೆ ತುಂಬ ಗಟ್ಟಿ, ಉಜ್ಜಿದರೆ ಚರ್ಮವನ್ನು ಎಳೆಯುತ್ತದೆ; ಕೊಬ್ಬರಿ ಎಣ್ಣೆ ಅದನ್ನು ಮೆತ್ತಗೆ ಮಾಡಿ ಸಲೀಸಾಗಿ ಹರಡುವಂತೆ ಮಾಡುತ್ತದೆ. ಕೋಕೋ ಬೆಣ್ಣೆ ಚರ್ಮದ ಮೇಲೆ ಪದರವಾಗಿ ನಿಂತು ಒಳಗಿನ ತೇವ ಆರದಂತೆ ತಡೆಯುತ್ತದೆ, ಹಾಗಾಗಿ ಸ್ನಾನವಾದ ಕೂಡಲೇ, ಮೈ ಪೂರ್ತಿ ಒಣಗುವ ಮೊದಲು ಹಚ್ಚಿದರೆ ಇದರ ಫಲ ಎದ್ದು ಕಾಣುತ್ತದೆ. ಒಣಗಿ ಬಿರುಸಾದ ಚರ್ಮಕ್ಕೆ ನೇರವಾಗಿ ಹಚ್ಚಿದರೆ ಒಣಗಿದ್ದರ ಮೇಲೆ ಜಿಡ್ಡು ಸವರಿದಂತಾಗುತ್ತದೆಯೇ ಹೊರತು ಹೆಚ್ಚೇನೂ ಆಗುವುದಿಲ್ಲ, ಏಕೆಂದರೆ ಕೊಬ್ಬು ತಾನಾಗಿ ನೀರನ್ನು ತಂದುಕೊಡುವುದಿಲ್ಲ. ಹಿಮ್ಮಡಿ, ಮೊಣಕೈ, ಬೆರಳ ಗೆಣ್ಣುಗಳಿಗೆ ನಾನು ಇದನ್ನೇ ಆರಿಸುತ್ತೇನೆ. ಮುಖಕ್ಕೆ ಹಚ್ಚುವುದಿಲ್ಲ, ಮೊಡವೆ ಏಳುವ ಚರ್ಮದವರಿಗೆ ಹಚ್ಚಿ ಎಂದು ಹೇಳುವುದೂ ಇಲ್ಲ. ಕೊಬ್ಬರಿ ಎಣ್ಣೆ ಅಂಥ ಚರ್ಮದಲ್ಲಿ ರಂಧ್ರಗಳನ್ನು ಕಟ್ಟಿಕೊಳ್ಳುವಂತೆ ಮಾಡುತ್ತದೆ ಎಂಬ ದೂರು ಸುಮ್ಮನೆ ಹುಟ್ಟಿದ್ದಲ್ಲ. ಮಕ್ಕಳ ಒಣ ಎಕ್ಸಿಮಾದ ವಿಷಯದಲ್ಲಿ ಮಾತ್ರ ವರ್ಜಿನ್ ಕೊಬ್ಬರಿ ಎಣ್ಣೆಗೆ ಸ್ವಲ್ಪ ಗಟ್ಟಿಯಾದ ಆಧಾರವಿದೆ: 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅದು ಖನಿಜ ತೈಲಕ್ಕಿಂತ ಮೇಲಾಗಿ ಕಂಡಿತು. ಅದನ್ನು ಔಷಧಿಯ ಬದಲಿಗೆ ಅಲ್ಲ, ವೈದ್ಯರು ಹೇಳಿದ್ದರ ಜೊತೆಗೆ ಎಂದು ಓದಿಕೊಳ್ಳಬೇಕು.

ಬಸುರಿನಲ್ಲಿ ಹೊಟ್ಟೆಯ ಮೇಲೆ ಮೂಡುವ ಗೆರೆಗಳನ್ನು ಕೋಕೋ ಬೆಣ್ಣೆ ತಡೆಯುತ್ತದೆ ಎಂಬ ಭರವಸೆ ಈ ವರ್ಗದ ಸರಕುಗಳ ಅತಿ ಹಳೆಯ ಮಾತು, ಅತಿ ದುರ್ಬಲವಾದ ಮಾತೂ ಹೌದು. ಲೆಬನಾನಿನಲ್ಲಿ ಗರ್ಭಿಣಿಯರ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೋಕೋ ಬೆಣ್ಣೆಯ ಲೋಷನ್ ಹಚ್ಚಿಕೊಂಡವರಿಗೂ, ಅದಿಲ್ಲದ ಲೋಷನ್ ಹಚ್ಚಿಕೊಂಡವರಿಗೂ ಗೆರೆಗಳ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆ ಗೆರೆಗಳು ಏಳುವುದು ಚರ್ಮದ ಒಳಪದರದಲ್ಲಿ. ಮೇಲೆ ಹಚ್ಚಿದ ಕೊಬ್ಬು ಅಲ್ಲಿಗೆ ಮುಟ್ಟುವುದಿಲ್ಲ. ಎಳೆದು ಹಿಗ್ಗಿದ ಚರ್ಮದ ತುರಿಕೆಗೆ ಹಿತ ಸಿಗುತ್ತದೆ ಎಂಬ ಕಾರಣಕ್ಕೆ ಕೊಂಡರೆ ತಪ್ಪಿಲ್ಲ, ಆ ಹಿತಕ್ಕೆ ಸಾಮಾನ್ಯ ಡಬ್ಬಿಯೇ ಸಾಕು, ಗರ್ಭಿಣಿಯ ಚಿತ್ರವಿರುವ ವಿಶೇಷ ಡಬ್ಬಿ ಬೇಕಿಲ್ಲ.

ಲಿಪ್ ಬಾಮಿನಲ್ಲಿ ಈ ಜೋಡಿ ತನ್ನ ಅತ್ಯುತ್ತಮ ಸ್ಥಾನದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ತುಟಿಗೆ ಎಣ್ಣೆಯ ಗ್ರಂಥಿಗಳಿಲ್ಲದ ಕಾರಣ ಮೇಲಿನಿಂದ ಒಂದು ಹೊದಿಕೆ ಬೇಕೇ ಬೇಕು. ಜೇನುಮೇಣ ಕಡ್ಡಿಗೆ ಗಟ್ಟಿತನ ಕೊಡುತ್ತದೆ, ಕೋಕೋ ಬೆಣ್ಣೆ ತುಟಿಯ ಶಾಖಕ್ಕೆ ಹದವಾಗಿ ಕರಗುತ್ತದೆ, ಕೊಬ್ಬರಿ ಎಣ್ಣೆ ಜಾರಿಕೆ ಕೊಡುತ್ತದೆ. ಇಲ್ಲಿ ನೋಡಬೇಕಾದ ದೋಷ ಒಂದೇ, ಅದು ಮರಳು ಮರಳಾಗುವುದು. ಬ್ಯಾಗಿನಲ್ಲಿ ಬಿಸಿಯಾಗಿ ಕರಗಿ, ಆಮೇಲೆ ನಿಧಾನವಾಗಿ ಆರಿದ ಬಾಮನ್ನು ತುಟಿಗೆ ಎಳೆದರೆ ಸಣ್ಣ ಸಣ್ಣ ಕಣಗಳು ತಗಲುತ್ತವೆ. ಉಗುರಿನಿಂದ ಒಂದನ್ನು ತೆಗೆದು ಒತ್ತಿದರೆ ಅದು ಕೂಡಲೇ ಕರಗಿ ಮಾಯವಾಗುತ್ತದೆ. ಅದು ಕಸವಲ್ಲ, ಬೂಷ್ಟೂ ಅಲ್ಲ, ನಿಧಾನ ಆರುವಾಗ ಗಟ್ಟಿ ಕೊಬ್ಬಿನ ಅಂಶ ಬೇರೆಯಾಗಿ ಹರಳುಗಟ್ಟಿದ್ದು. ಪೂರ್ತಿ ಕರಗಿಸಿ ಫ್ರಿಜ್ಜಿನಲ್ಲಿಟ್ಟು ಬೇಗ ತಣಿಸಿದರೆ ಬಹುಪಾಲು ಸರಿಹೋಗುತ್ತದೆ. ಬಣ್ಣ, ಮೆಂಥಾಲ್, ದಾಲ್ಚಿನ್ನಿ ಸೇರಿಸಿದ ಬಾಮುಗಳು ತುಟಿಗೆ ಚುರುಕು ಕೊಡುತ್ತವೆ, ಒಡೆದ ತುಟಿಗೆ ಮಾತ್ರ ಅವು ಬೇಡ.

ಕೂದಲಿಗೆ ಬಂದರೆ ತಕ್ಕಡಿ ಪೂರ್ತಿ ಕೊಬ್ಬರಿ ಎಣ್ಣೆಯ ಕಡೆ ವಾಲುತ್ತದೆ. ಕೂದಲು ನೀರಿನಲ್ಲಿ ಉಬ್ಬಿ, ಒಣಗಿದಾಗ ಕುಗ್ಗಿ, ಈ ಏರಿಳಿತದಲ್ಲಿ ಮತ್ತು ಬಾಚುವಾಗಿನ ತಿಕ್ಕಾಟದಲ್ಲಿ ತನ್ನ ಪ್ರೋಟೀನನ್ನು ಸ್ವಲ್ಪ ಸ್ವಲ್ಪವೇ ಕಳೆದುಕೊಳ್ಳುತ್ತದೆ. ಖನಿಜ ತೈಲ, ಸೂರ್ಯಕಾಂತಿ ಎಣ್ಣೆ, ಕೊಬ್ಬರಿ ಎಣ್ಣೆ ಮೂರನ್ನೂ ಹೋಲಿಸಿ 2003ರಲ್ಲಿ ಜರ್ನಲ್ ಆಫ್ ಕಾಸ್ಮೆಟಿಕ್ ಸೈನ್ಸ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೊಳೆಯುವ ಮೊದಲು ಹಚ್ಚಿದರೂ ನಂತರ ಹಚ್ಚಿದರೂ ಈ ನಷ್ಟವನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆಯೊಂದೇ. ಲಾರಿಕ್ ಆಮ್ಲದ ಕೊಬ್ಬಿನ ಅಣು ಚಿಕ್ಕದಾಗಿ ನೇರವಾಗಿರುವುದರಿಂದ ಕೂದಲಿನ ಎಳೆಯ ಒಳಕ್ಕೆ ಇಳಿಯಬಲ್ಲದು ಎಂಬುದು ಅವರು ಕೊಟ್ಟ ವಿವರಣೆ. ಅಧ್ಯಯನ ನಡೆಸಿದವರು ಎಣ್ಣೆ ಮಾರುವ ಕಂಪನಿಯ ಪ್ರಯೋಗಾಲಯದವರು ಎಂಬುದನ್ನು ಗಮನದಲ್ಲಿಟ್ಟುಕೊಂಡೇ ಓದಿದೆ. ಆದರೂ ಅವರ ವಿವರಣೆ ರಸಾಯನಶಾಸ್ತ್ರಕ್ಕೆ ಹೊಂದುತ್ತದೆ, ತಲೆಗೆ ನೀರು ಹಾಕಿಕೊಳ್ಳುವ ಮೊದಲು ಹಚ್ಚಿದಾಗ ಸಿಕ್ಕು ಬಿಡಿಸುವುದು ಸುಲಭವಾಗುವುದಂತೂ ಕೈಗೇ ತಿಳಿಯುತ್ತದೆ. ಹಚ್ಚಬೇಕಾದದ್ದು ಕೂದಲಿಗೆ, ಅದರಲ್ಲೂ ತುದಿಗಳಿಗೆ. ತಲೆಹೊಟ್ಟು ಇರುವವರು ಬುಡಕ್ಕೆ ಹಚ್ಚಿ ರಾತ್ರಿಯಿಡೀ ಬಿಡುವುದು ಒಳ್ಳೆಯದಲ್ಲ, ಏಕೆಂದರೆ ತಲೆಹೊಟ್ಟಿಗೆ ಕಾರಣವಾಗುವ ಮಲಸೇಸಿಯ ಎಂಬ ಶಿಲೀಂಧ್ರ ಕೊಬ್ಬಿನಾಮ್ಲಗಳನ್ನೇ ತಿಂದು ಬೆಳೆಯುವಂಥದ್ದು. ಕೂದಲಿನ ಸರಕುಗಳಲ್ಲಿ ಕೋಕೋ ಬೆಣ್ಣೆಗೆ ಹೇಳಿಕೊಳ್ಳುವಂಥ ಪಾತ್ರವಿಲ್ಲ. ದಪ್ಪ, ಗುಂಗುರು ಕೂದಲನ್ನು ಕೂರಿಸಲು ನೆರವಾಗುತ್ತದೆ, ತೆಳುಕೂದಲನ್ನು ಮಂಕಾಗಿಸುತ್ತದೆ.

ಸಾಬೂನಿನ ಹೊದಿಕೆಯ ಮೇಲೆ ಕೊಬ್ಬರಿ ಎಣ್ಣೆಯ ಹೆಸರು ಕಂಡಾಗ ಚರ್ಮಕ್ಕೆ ಎಣ್ಣೆಯ ಆರೈಕೆ ಸಿಗುತ್ತದೆ ಎಂದು ಭಾವಿಸುವುದು ಸಹಜ. ಆಗುವುದು ಬಹುಮಟ್ಟಿಗೆ ಇದರ ತದ್ವಿರುದ್ಧ. ಸಾಬೂನು ಮಾಡುವಾಗ ಎಣ್ಣೆ ಕಾಸ್ಟಿಕ್ ಸೋಡಾದೊಡನೆ ಪ್ರತಿಕ್ರಿಯಿಸಿ ಬೇರೆಯೇ ವಸ್ತುವಾಗುತ್ತದೆ, ಪಟ್ಟಿಯಲ್ಲಿ ಅದನ್ನು ಸೋಡಿಯಂ ಕೋಕೋಯೇಟ್ ಎಂದು ಬರೆಯುತ್ತಾರೆ. 100 ಗ್ರಾಂ ಕೊಬ್ಬರಿ ಎಣ್ಣೆಯನ್ನು ಪೂರ್ತಿ ಸಾಬೂನು ಮಾಡಲು 18 ಗ್ರಾಮಿನಷ್ಟು ಕಾಸ್ಟಿಕ್ ಸೋಡಾ ಬೇಕು, ಅಷ್ಟೇ ಕೋಕೋ ಬೆಣ್ಣೆಗೆ 14 ಗ್ರಾಮಿಗೂ ಸ್ವಲ್ಪ ಕಡಿಮೆ ಸಾಕು. ಗಿಡ್ಡ ಸರಪಳಿಗಳ ಸಂಖ್ಯೆ ಹೆಚ್ಚು ಎಂಬುದಕ್ಕೆ ಇದೇ ಸಾಕ್ಷಿ. ಗಿಡ್ಡ ಸರಪಳಿಯ ಸಾಬೂನು ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ದೊಡ್ಡ ಗುಳ್ಳೆಗಳ ನೊರೆ ಕೊಡುತ್ತದೆ, ಬೇರೆ ಸಾಬೂನುಗಳು ಸೋಲುವ ಉಪ್ಪುನೀರಿನಲ್ಲೂ ನೊರೆಯುತ್ತದೆ, ಹಾಗಾಗಿಯೇ ಸಮುದ್ರಯಾನದ ಸಾಬೂನಿಗೆ ಇದೇ ಎಣ್ಣೆಯನ್ನು ಬಳಸುತ್ತಿದ್ದರು. ಅಷ್ಟೇ ಸುಲಭವಾಗಿ ಅದು ಚರ್ಮದ ಸ್ವಂತ ಜಿಡ್ಡನ್ನೂ ತೊಳೆದುಹಾಕುತ್ತದೆ. ಕೊಬ್ಬರಿ ಎಣ್ಣೆಯೇ ಪ್ರಧಾನವಾಗಿರುವ ಬಿಲ್ಲೆಯಿಂದ ತೊಳೆದ ಅಂಗೈಯನ್ನು ಒಂದರ ಮೇಲೊಂದು ಜಾರಿಸಿದರೆ ಕಿರ್ ಎನ್ನುವ ಬಿಗುವು ಬರುತ್ತದಲ್ಲ, ಅದನ್ನು ಸ್ವಚ್ಛತೆ ಎಂದು ಮೆಚ್ಚುವವರಿದ್ದಾರೆ, ಒಣಚರ್ಮದವರಿಗೆ ಅದು ಮುಂದಿನ ತುರಿಕೆಯ ಸೂಚನೆ. ಕೈಯಿಂದ ಸಾಬೂನು ಮಾಡುವವರು ಸಾಮಾನ್ಯವಾಗಿ ಅದನ್ನು ಒಟ್ಟು ಎಣ್ಣೆಯ ಕಾಲುಭಾಗದಿಂದ ಮೂರನೆಯ ಒಂದು ಭಾಗದೊಳಗೇ ಇಡುತ್ತಾರೆ. ಅದಕ್ಕೂ ಹೆಚ್ಚು ಹಾಕಿದಾಗ ಸೋಡಾವನ್ನು ಬೇಕೆಂದೇ ಕಡಿಮೆ ಹಾಕಿ ಒಂದಷ್ಟು ಎಣ್ಣೆ ಸಾಬೂನಾಗದೆ ಉಳಿಯುವಂತೆ ನೋಡಿಕೊಳ್ಳುತ್ತಾರೆ. ಕೋಕೋ ಬೆಣ್ಣೆಯ ಪಾಲು ಇಲ್ಲಿ ಬಿಲ್ಲೆಯನ್ನು ಗಟ್ಟಿ ಮಾಡಿ, ಬೇಗ ಸವೆಯದಂತೆ, ಸೋಪಿನ ಪೆಟ್ಟಿಗೆಯಲ್ಲಿ ಲೋಳೆಯಾಗದಂತೆ ಉಳಿಸುವುದು. ನೊರೆಗೆ ಅದರಿಂದ ಕೆನೆಯಂಥ ನಯ ಬರುತ್ತದೆ. ಎರಡೂ ಹದವಾಗಿ ಬೆರೆತ ಬಿಲ್ಲೆಯನ್ನು ನಾನು ಹಿಂಜರಿಯದೆ ಮೆಚ್ಚುತ್ತೇನೆ, ಕೊಬ್ಬರಿ ಎಣ್ಣೆಯೊಂದನ್ನೇ ಹೆಮ್ಮೆಯಿಂದ ಸಾರುವ ಬಿಲ್ಲೆಯನ್ನು ಪಾತ್ರೆ ತೊಳೆಯಲು, ಕಾಲರಿನ ಕಲೆ ತಿಕ್ಕಲು ಇಟ್ಟುಕೊಳ್ಳುತ್ತೇನೆ, ಆ ಕೆಲಸದಲ್ಲಿ ಅದಕ್ಕೆ ಸಾಟಿಯಿಲ್ಲ.

ಶಾಂಪೂ ಮತ್ತು ಬಾಡಿ ವಾಷ್‌ಗಳಲ್ಲಿ ನೊರೆ ಕೊಡುವ ಕೋಕಮಿಡೋಪ್ರೊಪಿಲ್ ಬೀಟೈನ್, ಸೋಡಿಯಂ ಕೋಕೋಯಿಲ್ ಐಸೆಥಿಯೊನೇಟ್ ಮುಂತಾದವು ಕೂಡ ತೆಂಗಿನ ಕೊಬ್ಬಿನಾಮ್ಲಗಳಿಂದ ಬಂದವೇ. ಸೌಮ್ಯವಾದ ತೊಳೆಯುವ ವಸ್ತುಗಳೆಂದು ಇವಕ್ಕೆ ಒಳ್ಳೆಯ ಹೆಸರಿದೆ, ಕೆಲವರಿಗೆ ಬೀಟೈನ್ ಅಲರ್ಜಿ ಮಾಡುವುದುಂಟು. ತೆಂಗಿನ ಮೂಲದ್ದು ಎಂಬ ಕಾರಣಕ್ಕೆ ಇವನ್ನು ಎಣ್ಣೆಯ ಗುಣದವೆಂದು ಮಾರುವುದು ಮಾತ್ರ ದಾರಿ ತಪ್ಪಿಸುವ ಮಾತು.

ತಿನ್ನುವ ಸರಕುಗಳಲ್ಲಿ ಈ ಎರಡು ಕೊಬ್ಬುಗಳ ನಡುವಿನ ಸಂಬಂಧ ಹದಗೆಡುತ್ತದೆ, ನನಗೆ ಅತ್ಯಂತ ಕುತೂಹಲ ಹುಟ್ಟಿಸಿದ ಭಾಗವೂ ಇದೇ. ಚಾಕೊಲೇಟಿನ ಹೊಳಪು, ಮುರಿದಾಗಿನ ಟಕ್ ಎಂಬ ಸದ್ದು, ಬಾಯಲ್ಲಿ ಒಮ್ಮೆಗೇ ಕರಗುವಿಕೆ, ಮೂರೂ ಕೋಕೋ ಬೆಣ್ಣೆಯ ಹರಳುಗಳ ಜೋಡಣೆಯಿಂದ ಬರುತ್ತವೆ. ಅದು ಆರು ರೂಪಗಳಲ್ಲಿ ಹರಳುಗಟ್ಟಬಲ್ಲದು. ಮಿಠಾಯಿ ಮಾಡುವವರು ಕರಗಿದ ಚಾಕೊಲೇಟನ್ನು ತಣಿಸಿ, ಮತ್ತೆ ತುಸು ಬೆಚ್ಚಗೆ ಮಾಡಿ ಟೆಂಪರಿಂಗ್ ಮಾಡುವುದು ಐದನೆಯ ರೂಪವನ್ನು ಪಡೆಯಲೆಂದೇ. ಹಳೆಯ ಚಾಕೊಲೇಟಿನ ಮೇಲೆ ಕಾಣುವ ಬೂದುಬಣ್ಣದ ಪುಡಿಯಂಥ ಪದರ ಬೂಷ್ಟಲ್ಲ, ಹರಳಿನ ರೂಪ ಬದಲಾಗಿ ಮೇಲಕ್ಕೆ ಬಂದ ಕೊಬ್ಬು. ತಿನ್ನಲು ತೊಂದರೆಯಿಲ್ಲ, ರುಚಿ ಮಂಕಾಗಿರುತ್ತದೆ ಅಷ್ಟೆ. ಈ ಅಚ್ಚುಕಟ್ಟಾದ ಜೋಡಣೆಯೊಳಗೆ ಕೊಬ್ಬರಿ ಎಣ್ಣೆಯಂಥ, ಲಾರಿಕ್ ಆಮ್ಲ ಹೆಚ್ಚಿರುವ ಲಾರಿಕ್ ಕೊಬ್ಬು ಸೇರಿದರೆ ಅಣುಗಳು ಒಂದಕ್ಕೊಂದು ಹೊಂದಿಕೊಳ್ಳದೆ, ಮಿಶ್ರಣ ಎರಡಕ್ಕಿಂತಲೂ ಮೆತ್ತಗಾಗುತ್ತದೆ, ಬೇಗ ಬೂದುಗಟ್ಟುತ್ತದೆ. ಯುರೋಪಿಯನ್ ಒಕ್ಕೂಟದ 2000ನೆಯ ಇಸವಿಯ ನಿರ್ದೇಶನ ಚಾಕೊಲೇಟಿನಲ್ಲಿ ಕೋಕೋ ಬೆಣ್ಣೆಯಲ್ಲದ ಆಯ್ದ ಸಸ್ಯಜನ್ಯ ಕೊಬ್ಬುಗಳನ್ನು ಶೇಕಡಾ 5ರವರೆಗೆ ಬಿಟ್ಟುಕೊಟ್ಟು, ಆ ಪಟ್ಟಿಯಲ್ಲಿ ಕೊಬ್ಬರಿ ಎಣ್ಣೆಯನ್ನು ಸೇರಿಸದೆ, ಐಸ್‌ಕ್ರೀಮ್ ಮತ್ತು ಅಂಥ ಹೆಪ್ಪುಗಟ್ಟಿಸಿದ ತಿನಿಸುಗಳ ಚಾಕೊಲೇಟಿಗೆ ಮಾತ್ರ ಅದಕ್ಕೆ ಅವಕಾಶ ಕೊಟ್ಟಿದೆ. ಇದರ ಔಚಿತ್ಯ ಐಸ್‌ಕ್ರೀಮಿನ ಕಡ್ಡಿಯನ್ನು ಕಚ್ಚಿದ ಕೂಡಲೇ ತಿಳಿಯುತ್ತದೆ: ಕೊಬ್ಬರಿ ಎಣ್ಣೆಯ ತೆಳುಲೇಪನ ತಣ್ಣನೆಯ ಮೈಗೆ ತಾಗಿದ ಕ್ಷಣವೇ ಗಟ್ಟಿಯಾಗಿ ಗರಿಗರಿಯಾಗಿ ಒಡೆದು, ಬಾಯಿಗೆ ಬಂದೊಡನೆ ಕರಗುತ್ತದೆ, ಅಷ್ಟು ಚಳಿಯಲ್ಲಿ ಕೋಕೋ ಬೆಣ್ಣೆ ಕಲ್ಲಾಗಿರುತ್ತಿತ್ತು.

ಕೋಣೆಯ ಶಾಖದಲ್ಲಿ ಮಾರುವ ಅಗ್ಗದ ಚಾಕೊಲೇಟ್ ಕಾಂಪೌಂಡುಗಳಲ್ಲಿ ಕೋಕೋ ಬೆಣ್ಣೆಯನ್ನು ಪೂರ್ತಿ ತೆಗೆದು, ಕೋಕೋ ಪುಡಿಯೊಂದಿಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದ ಲಾರಿಕ್ ಕೊಬ್ಬನ್ನು ಹಾಕುವುದುಂಟು. ಟೆಂಪರಿಂಗ್ ಬೇಕಿಲ್ಲ ಎಂಬುದು ಮನೆಯಲ್ಲಿ ಕೇಕ್ ಮಾಡುವವರಿಗೆ ದೊಡ್ಡ ಅನುಕೂಲ. ಆದರೆ ಅದಕ್ಕೆ ತೇವ ತಾಗಿ ಕೊಬ್ಬು ಒಡೆದರೆ ಬಿಡುಗಡೆಯಾಗುವ ಲಾರಿಕ್ ಆಮ್ಲ ನಾಲಿಗೆಗೆ ನೇರವಾಗಿ ಸೋಪಿನ ರುಚಿ ಕೊಡುತ್ತದೆ. ಬಿಳಿ ಚಾಕೊಲೇಟನ್ನು ಕೊಳ್ಳುವಾಗ ಕೋಕೋ ಬೆಣ್ಣೆ ಇದೆಯೇ ಎಂದು ನೋಡಲೇಬೇಕು, ಅದರಲ್ಲಿ ಕೋಕೋದ ಅಂಶವೆಂದರೆ ಆ ಬೆಣ್ಣೆಯೊಂದೇ; ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ ಕನಿಷ್ಠ ಶೇಕಡಾ 20 ಎನ್ನುತ್ತದೆ. ಆರೋಗ್ಯದ ಮಾತಿಗೆ ಬಂದರೆ ಎರಡೂ ಸ್ಯಾಚುರೇಟೆಡ್ ಕೊಬ್ಬು ಹೆಚ್ಚಿರುವವು, ಕೊಬ್ಬರಿ ಎಣ್ಣೆಯಲ್ಲಿ ಅದು ಶೇಕಡಾ 80ನ್ನೂ ದಾಟುತ್ತದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಕೊಬ್ಬರಿ ಎಣ್ಣೆ ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತದೆ ಎಂದು ಹೇಳಿ ಅದರ ಬಳಕೆಯ ವಿರುದ್ಧ ಸಲಹೆ ನೀಡಿತು. ಕೋಕೋ ಬೆಣ್ಣೆಯ ಸ್ಟಿಯರಿಕ್ ಆಮ್ಲ ಈ ವಿಷಯದಲ್ಲಿ ಬಹುಮಟ್ಟಿಗೆ ತಟಸ್ಥ. ಅಮೃತವೆಂದು ಚಮಚದಲ್ಲಿ ಕುಡಿಯುವುದಕ್ಕೆ ಕಾರಣವಂತೂ ಕಾಣುವುದಿಲ್ಲ.

ಉಳಿದ ಬಳಕೆಗಳನ್ನು ಬೇಗ ಮುಗಿಸಬಹುದು. ಗುದದ್ವಾರದಲ್ಲಿ ಇಡುವ ಔಷಧದ ಗುಳಿಗೆಗಳಿಗೆ ಕೋಕೋ ಬೆಣ್ಣೆ ಬಹುಕಾಲದ ಆಧಾರದ್ರವ್ಯ, ದೇಹದ ಶಾಖಕ್ಕೆ ಕರಗುವ ಗುಣಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಇನ್ನೊಂದಿಲ್ಲ. ಮೇಕಪ್ ತೆಗೆಯಲು ಕೊಬ್ಬರಿ ಎಣ್ಣೆ ಚೆನ್ನಾಗಿದೆ, ನೀರಿಗೆ ಬಿಡದ ಕಾಡಿಗೆಯೂ ಸಡಿಲವಾಗುತ್ತದೆ, ಆಮೇಲೆ ಮುಖ ತೊಳೆಯಬೇಕು. ಬಿಸಿಲಿಗೆ ಸನ್‌ಸ್ಕ್ರೀನಿನ ಬದಲು ಇವೆರಡರಲ್ಲಿ ಯಾವುದೂ ಸಾಲದು. ಲ್ಯಾಟೆಕ್ಸ್ ಕಾಂಡೋಮ್ ಬಳಸುವಾಗ ಎರಡನ್ನೂ ದೂರವಿಡಬೇಕು, ಎಣ್ಣೆ ಲ್ಯಾಟೆಕ್ಸನ್ನು ಬಲಗುಂದಿಸಿ ಹರಿಯುವಂತೆ ಮಾಡುತ್ತದೆ. ಬಾಡಿ ಬಟರ್ ಡಬ್ಬಿಗಳ ಮೇಲೆ ಈ ಎಚ್ಚರಿಕೆ ಅಪರೂಪ ಎಂಬುದು ನನ್ನ ಆಕ್ಷೇಪ. ಬಾಳಿಕೆಯಲ್ಲಿ ಎರಡೂ ಗಟ್ಟಿ. ಬೆಳಕು, ಬಿಸಿ ತಾಗದಂತೆ ಮುಚ್ಚಿಟ್ಟರೆ ಸುಲಭವಾಗಿ ಕಮಟು ಹಿಡಿಯುವುದಿಲ್ಲ, ಆದರೆ ನೀರಿಲ್ಲದ ಡಬ್ಬಿಗಳಿಗೆ ಸಂರಕ್ಷಕ ಹಾಕಿರುವುದು ಕಡಿಮೆಯಾದ್ದರಿಂದ ಒದ್ದೆ ಬೆರಳನ್ನು ಅದ್ದಬಾರದು.

ಪರಿಮಳವನ್ನು ನೋಡಿ ಕೊಳ್ಳುವವರಿಗೆ ಒಂದು ಮಾತು. ಸಂಸ್ಕರಿಸದ ಕೋಕೋ ಬೆಣ್ಣೆಗೆ ಚಾಕೊಲೇಟಿನ, ವರ್ಜಿನ್ ಎಣ್ಣೆಗೆ ತೆಂಗಿನ ವಾಸನೆ ಇರುತ್ತದೆ ನಿಜ, ಆದರೆ ಕಾರ್ಖಾನೆಗಳಲ್ಲಿ ಬಳಸುವವು ಬಹುಮಟ್ಟಿಗೆ ವಾಸನೆ ತೆಗೆದವು, ತಯಾರಕರಿಗೆ ಪ್ರತಿ ಸಲವೂ ಒಂದೇ ಸಮನಾದ ಸರಕು ಬೇಕಾದ್ದರಿಂದ. ಹಾಗಾಗಿ ಡಬ್ಬಿ ತೆರೆದೊಡನೆ ಕೋಣೆ ತುಂಬುವ ಚಾಕೊಲೇಟ್ ಘಮವೂ, ಬಾಡಿ ವಾಷಿನ ಸಿಹಿಯಾದ ತೆಂಗಿನ ಘಮವೂ ಸಾಮಾನ್ಯವಾಗಿ ಪಟ್ಟಿಯ ಕೊನೆಯಲ್ಲಿ ಪರ್ಫ್ಯೂಮ್ ಎಂದು ಬರೆದಿರುವ ಮಿಶ್ರಣದಿಂದ ಬಂದದ್ದು, ಒಳಗೆ ಎಷ್ಟು ಕೊಬ್ಬಿದೆ ಎಂಬುದಕ್ಕೆ ಅದು ಗುರುತಲ್ಲ. ಸುಗಂಧಕ್ಕೆ ಕೆರಳುವ ಚರ್ಮದವರು ವಾಸನೆ ತೆಗೆದ ಕೋಕೋ ಬೆಣ್ಣೆ ಮೊದಲ ಮೂರರೊಳಗೆ ಇರುವ, ಪರ್ಫ್ಯೂಮ್ ಇಲ್ಲದ ಡಬ್ಬಿಯನ್ನು ಹುಡುಕಿ ಕೊಳ್ಳುವುದು ಲೇಸು. ನನ್ನ ಬಳಕೆಯಲ್ಲಿ ಹಿಮ್ಮಡಿಯ ಬಿರುಕಿಗೆ ಅದೂ ಘಮಘಮಿಸುವ ಡಬ್ಬಿಯಷ್ಟೇ ಕೆಲಸ ಮಾಡಿದೆ.